ಮೂರು ಐಡಿಯಾ ಇವೆ, ಒಂದಕ್ಕೇ ಕೈ ಹಾಕಬಲ್ಲೆ. ಯಾವುದು ಅಂತ ಹೇಗೆ ಗೊತ್ತಾಗಬೇಕು?

ಅರ್ಧಂಬರ್ಧ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಬೇರೆಯವರಿಗಾಗಿ ಕೋಡ್ ಬರೆದಿದ್ದೇನೆ. ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. ಕೂಡಿಟ್ಟ ಹಣದಲ್ಲಿ ಹದಿನಾಲ್ಕು ತಿಂಗಳು ಹೇಗೋ ತಳ್ಳಬಹುದು. ಅಷ್ಟರೊಳಗೆ ಏನಾದರೂ ಒಂದು ನಿಲ್ಲಬೇಕು. ತಲೆಯಲ್ಲಿ ಮೂರು ಐಡಿಯಾ ಇವೆ.

ಒಂದು, ಉದ್ದುದ್ದ ವರದಿ, ಲೇಖನಗಳನ್ನು ಓದಿ ಸಾರಾಂಶ ಹೇಳುವ ಎಐ ಆಪ್. ನನಗೆ ಇದೇ ಜಾಸ್ತಿ ಇಷ್ಟ, ಅರ್ಧ ಕೋಡ್ ಆಗಲೇ ಬರೆದಾಗಿದೆ. ಎರಡು, ಒಂದೇ ಬಾಡಿಗೆ ಮನೆಯಲ್ಲಿರುವ ಗೆಳೆಯರು ಮನೆಕೆಲಸ ಹಂಚಿಕೊಳ್ಳುವ ಆಪ್. ಮೂರನೆಯದು ನನ್ನದಲ್ಲ, ಗೆಳೆಯ ಹೇಳಿದ್ದು. ಶೂಟಿಂಗ್‌ಗೆ ಕ್ಯಾಮೆರಾ, ಲೆನ್ಸ್, ಲೈಟು ಬಾಡಿಗೆ ಕೊಡುವವರಿಗೆ ಬುಕಿಂಗ್ ಸಾಫ್ಟ್‌ವೇರ್. ಒಂದೇ ಲೆನ್ಸನ್ನು ಇಬ್ಬರಿಗೆ ಒಪ್ಪಿಕೊಂಡು ಆಮೇಲೆ ಒದ್ದಾಡುತ್ತಾರಂತೆ.

120 ಜನರ ಹತ್ತಿರ ಒಂದು ಫಾರ್ಮ್ ತುಂಬಿಸಿದೆ. ಮೊದಲನೆಯದಕ್ಕೆ 81 ಜನ ‘ಖಂಡಿತ ಬಳಸುತ್ತೇನೆ’ ಅಂದರು, ಎರಡನೆಯದಕ್ಕೆ 64. ಮೂರನೆಯದನ್ನು ಕೇಳಲೇ ಇಲ್ಲ, ಅದು ಅವರಿಗೆ ಸಂಬಂಧವೇ ಇಲ್ಲದ್ದು. ಹಾಗಾದರೆ ಮೊದಲನೆಯದೇ ಅಲ್ವಾ?

ಸುಮ್ನೆ_ಓದುಗ

81ರಲ್ಲಿ ನಿಮ್ಮ ಆಫೀಸಿನವರು ಎಷ್ಟು ಜನ? ಸುಮ್ನೆ ಕೇಳಿದೆ.

ಅರ್ಧಂಬರ್ಧ

ಹೆಚ್ಚುಕಡಿಮೆ ಎಲ್ಲರೂ. :(

ಬಾಗಿಲು_ತಟ್ಟುವವಳು

ಆಫೀಸಿನವರು ಅನ್ನೋದು ಚಿಕ್ಕ ತೊಂದರೆ. ದೊಡ್ಡದು ಆ ಪ್ರಶ್ನೆಯೇ. ‘ಬಳಸುತ್ತೀರಾ’ ಅಂತ ಕೇಳಿದರೆ ಹೂಂ ಅನ್ನೋದಕ್ಕೆ ಯಾರ ಗಂಟೇನೂ ಹೋಗಲ್ಲ. ನಿಮ್ಮ ಮುಖ ನೋಡಿಕೊಂಡು ಇಲ್ಲ ಅನ್ನೋದೇ ಕಷ್ಟ.

ನಾನು ಇದೇ ಹಳ್ಳಕ್ಕೆ ಬಿದ್ದವಳು. ಫಿಸಿಯೊಥೆರಪಿಸ್ಟ್‌ಗಳಿಗೆ ಒಂದು ಆಪ್ ಮಾಡಿದ್ದೆವು. ಪೇಶೆಂಟ್‌ಗಳು ಮನೆಯಲ್ಲಿ ವ್ಯಾಯಾಮ ಮಾಡಲ್ಲ ಅನ್ನೋದು ಅವರೆಲ್ಲರ ದೂರು, ಆಪ್ ಅದನ್ನು ನೆನಪಿಸಬೇಕು, ಲೆಕ್ಕ ಇಡಬೇಕು. 22 ಜನ ಥೆರಪಿಸ್ಟ್‌ಗಳ ಹತ್ತಿರ ಮಾತಾಡಿದೆ. ಎಲ್ಲರೂ ‘ಅಯ್ಯೋ, ಇದು ಬೇಕೇ ಬೇಕು’ ಅಂದರು. ಎಂಟು ತಿಂಗಳು ಕಟ್ಟಿದೆವು. ಬಂದವರು ಮೂವರು, ಉಳಿದವರು ಒಬ್ಬರು. ಆ ಒಬ್ಬರೂ ನನ್ನ ಗೆಳತಿಯ ಅತ್ತಿಗೆ.

ಮುಚ್ಚಿದ ಮೇಲೆ ಹೋಗಿ ಮೊದಲೇ ಕೇಳಬೇಕಿದ್ದನ್ನು ಕೇಳಿದೆ. ‘ಪೇಶೆಂಟ್ ವ್ಯಾಯಾಮ ಮಾಡಲಿಲ್ಲ ಅಂತ ಹೋದ ತಿಂಗಳು ನೀವೇನು ಮಾಡಿದಿರಿ?’ ಉತ್ತರ: ಏನೂ ಇಲ್ಲ. ಒಬ್ಬರೂ ಒಂದು ಫೋನ್ ಮಾಡಿರಲಿಲ್ಲ, ಒಂದು ಚೀಟಿ ಬರೆದು ಕೊಟ್ಟಿರಲಿಲ್ಲ. ಯೋಚಿಸಿ ನೋಡಿ, ಮನೆಯಲ್ಲಿ ವ್ಯಾಯಾಮ ಮಾಡದ ಪೇಶೆಂಟ್ ಇನ್ನೂ ನಾಲ್ಕು ಸಲ ಬರುತ್ತಾನೆ. ಥೆರಪಿಸ್ಟ್‌ಗೆ ಬೇಜಾರಾಗುತ್ತೆ, ನಷ್ಟ ಆಗಲ್ಲ. ಸಮಸ್ಯೆ ನಿಜವೇ. ಆದರೆ ನೋವು ಒಬ್ಬರದು, ದುಡ್ಡು ಇನ್ನೊಬ್ಬರ ಹತ್ತಿರ ಕೇಳುತ್ತಿದ್ದೆ.

ಅಲ್ಲಿಂದ ಈಚೆಗೆ ನಾನು ನೋಡೋದು ಒಂದನ್ನೇ: ಈ ಸಮಸ್ಯೆಗೆ ಜನ ಈಗಾಗಲೇ ಏನು ಮಾಡಿಕೊಂಡಿದ್ದಾರೆ? ಎಕ್ಸೆಲ್ ಹಾಳೆಯೋ, ವಾಟ್ಸಾಪ್ ಗುಂಪೋ, ಇದಕ್ಕಂತಲೇ ಸಂಬಳ ಕೊಟ್ಟು ಇಟ್ಟ ಹುಡುಗನೋ. ಕೆಟ್ಟದಾಗಿ ಹೊಲಿದ ತೇಪೆ ಕಂಡರೆ ನನಗೆ ಖುಷಿ. ತೇಪೆಯೇ ಇಲ್ಲ ಅಂದರೆ ಅಲ್ಲಿ ಬಟ್ಟೆ ಹರಿದೇ ಇಲ್ಲ.

ಹಳೇ_ಸರ್ವರ್

ಅಕ್ಕ ಹೇಳಿದ್ದು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಹೀಗೆ ಕೇಳಿಕೊಂಡು ಹೋಗಿದ್ದರೆ ದೊಡ್ಡವೆಲ್ಲ ಹುಟ್ಟುತ್ತಲೇ ಇರಲಿಲ್ಲ. ಫೈಲುಗಳನ್ನು ಆನ್‌ಲೈನ್‌ನಲ್ಲಿಟ್ಟು ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದಾದ ಡ್ರಾಪ್‌ಬಾಕ್ಸನ್ನು ಅದರ ಸ್ಥಾಪಕ ಡ್ರೂ ಹ್ಯೂಸ್ಟನ್ 2007ರ ಏಪ್ರಿಲ್‌ನಲ್ಲಿ ಹ್ಯಾಕರ್ ನ್ಯೂಸ್ ಅನ್ನೋ ಪ್ರೋಗ್ರಾಮರ್‌ಗಳ ಚರ್ಚಾತಾಣದಲ್ಲಿ ತೋರಿಸಿದಾಗ ಒಬ್ಬರು ಬರೆದ ಕಾಮೆಂಟ್ ಇವತ್ತಿಗೂ ನಗೆಪಾಟಲು. ಲಿನಕ್ಸ್ ಇದ್ದರೆ ಎಫ್‌ಟಿಪಿ (ಫೈಲ್ ಕಳಿಸುವ ಹಳೆಯ ವಿಧಾನ) ಖಾತೆ ಜೋಡಿಸಿ ಇದನ್ನು ನಾವೇ ಸುಲಭವಾಗಿ ಮಾಡಿಕೊಳ್ಳಬಹುದು ಅಂತ. ಜನರ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಇನ್ನೂ ಮಜಾ. ಗುರುತಿಲ್ಲದವರ ಮನೆಯಲ್ಲಿ ಮಲಗೋದಾ ಅಂತ 2008ರಲ್ಲಿ ಹೂಡಿಕೆದಾರರು ಒಬ್ಬರಾದ ಮೇಲೊಬ್ಬರು ಬಾಗಿಲು ಹಾಕಿದರು. ಖರ್ಚಿಗೆ ಅಂತ ಸ್ಥಾಪಕರು ಅಮೆರಿಕದ ಚುನಾವಣೆಯ ಹೆಸರಲ್ಲಿ ಬೆಳಗಿನ ತಿಂಡಿಯ ಸೀರಿಯಲ್ ಡಬ್ಬ ಮಾಡಿ 40 ಡಾಲರಿಗೊಂದರಂತೆ ಮಾರಿದರು. ಇಂಥ ಐಡಿಯಾ ನಿಮ್ಮ ಜರಡಿಯಲ್ಲಿ ನಿಲ್ಲುತ್ತಿತ್ತಾ?

ಬಾಗಿಲು_ತಟ್ಟುವವಳು

ನಿಲ್ಲುತ್ತಿತ್ತು ಸರ್. ನೀವು ನೋಡುತ್ತಿರೋದು ಜನರ ಅಭಿಪ್ರಾಯ. ನಾನು ಕೇಳುತ್ತಿರೋದು ಜನ ಏನು ಮಾಡುತ್ತಿದ್ದರು ಅಂತ. ಡ್ರಾಪ್‌ಬಾಕ್ಸ್‌ಗೆ ಮುಂಚೆ ನಾವೆಲ್ಲ ಏನು ಮಾಡುತ್ತಿದ್ದೆವು? ನಮಗೆ ನಾವೇ ಫೈಲ್ ಮೇಲ್ ಮಾಡಿಕೊಳ್ಳುತ್ತಿದ್ದೆವು. ಕೊರಳಿಗೆ ಪೆನ್‌ಡ್ರೈವ್ ನೇತು ಹಾಕಿಕೊಂಡು ಓಡಾಡುತ್ತಿದ್ದೆವು. ಹ್ಯೂಸ್ಟನ್‌ಗೆ ಐಡಿಯಾ ಬಂದದ್ದೂ ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಬಸ್ಸು ಹತ್ತಿದಾಗ, ಪೆನ್‌ಡ್ರೈವ್ ಮರೆತು ಬಂದಿದ್ದಕ್ಕೆ. ತೇಪೆ ಎಲ್ಲರ ಜೇಬಲ್ಲೂ ಇತ್ತು. 2008ರಲ್ಲಿ ಡ್ರಾಪ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸುವ ವಿಡಿಯೊ ಹಾಕಿದರು. ಕಾಯುವವರ ಪಟ್ಟಿ ಒಂದು ರಾತ್ರಿಯಲ್ಲಿ 5,000ದಿಂದ 75,000ಕ್ಕೆ ಹೋಯಿತು.

ಏರ್‌ಬಿಎನ್‌ಬಿಯವರು 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿನ್ಯಾಸಕಾರರ ಸಮ್ಮೇಳನ ನಡೆದಾಗ ತಮ್ಮ ಮನೆಯಲ್ಲೇ ಗಾಳಿ ಹಾಸಿಗೆ ಹಾಕಿದರು. ಮೂವರು ಅಪರಿಚಿತರು ದುಡ್ಡು ಕೊಟ್ಟು ಬಂದು ಮಲಗಿದರು. ಹೂಡಿಕೆದಾರರಿಗೆ ಹುಚ್ಚು ಅನ್ನಿಸಿರಬಹುದು. ಮಲಗಿದವರಿಗೆ ಹೋಟೆಲ್ ರೂಮ್ ಸಿಕ್ಕಿರಲಿಲ್ಲ, ಅಷ್ಟೇ.

ಹಳೇ_ಸರ್ವರ್

ಸರಿ, ಅದು ಒಳ್ಳೆಯ ಏಟು. ಆದರೂ ಒಂದು ಸೇರಿಸುತ್ತೇನೆ. ತೇಪೆ ಇದ್ದರೂ ಕಾಲ ಬಂದಿರಬೇಕು. ದಿನಸಿ ಮನೆಗೆ ತಲುಪಿಸ್ತೀವಿ ಅಂತ ವೆಬ್‌ವ್ಯಾನ್ 1999ರಲ್ಲಿ ಷೇರುಪೇಟೆಗೇ ಬಂತು, 2001ರಲ್ಲಿ ದಿವಾಳಿ. ಗಿರಾಕಿ ಬರುವ ಮೊದಲೇ ದೊಡ್ಡ ದೊಡ್ಡ ಗೋದಾಮು ಕಟ್ಟಿಕೊಂಡು ಕೂತರು. ಅದೇ ಕೆಲಸಕ್ಕೆ ಇನ್‌ಸ್ಟಾಕಾರ್ಟ್ 2012ರಲ್ಲಿ ಇಳಿಯಿತು. ಗೋದಾಮು ಕಟ್ಟಲಿಲ್ಲ. ಇದ್ದ ಅಂಗಡಿಗಳಿಗೇ ಫೋನ್ ಹಿಡಿದ ಜನರನ್ನು ಕಳಿಸಿತು. ಹಾಗಾಗಿ ‘ಇದನ್ನು ಐದು ವರ್ಷದ ಹಿಂದೆ ಯಾಕೆ ಯಾರೂ ಮಾಡಲಿಲ್ಲ’ ಅನ್ನೋದಕ್ಕೆ ಒಂದು ಉತ್ತರ ಇಟ್ಟುಕೊಳ್ಳಿ. ‘ಯಾರಿಗೂ ಹೊಳೆಯಲಿಲ್ಲ’ ಅನ್ನೋದು ಉತ್ತರ ಅಲ್ಲ. ಹೊಳೆದಿರುತ್ತೆ.

ರಾತ್ರಿಪಾಳಿ

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ಈಗ ಎಐ ಹತ್ತಿರ ಹೇಳಿದರೆ ವಾರಕ್ಕೊಂದು ಆಪ್ ಆಗುತ್ತೆ. ಮೂರನ್ನೂ ಕಟ್ಟಿ, ಮಾರುಕಟ್ಟೆಗೆ ಬಿಡಿ, ಯಾವುದು ಓಡುತ್ತೋ ಅದರ ಹಿಂದೆ ಹೋಗಿ.

ಲೆಕ್ಕದ_ಪುಸ್ತಕ

ಕಟ್ಟೋದು ಅಗ್ಗ ಆಗಿದೆ, ನಿಜ. ಅದಕ್ಕೇ ಆಯ್ಕೆ ದುಬಾರಿ ಆಗಿದೆ. ನಿಮಗೆ ವಾರ ಸಾಕು ಅಂದರೆ ಪಕ್ಕದವನಿಗೂ ವಾರ ಸಾಕು. ಅರ್ಧಂಬರ್ಧ ಅವರ ಸಾರಾಂಶದ ಆಪ್ ಕಥೆ ಅದೇ. ಬ್ರೌಸರ್, ಮೇಲ್, ಪಿಡಿಎಫ್ ಓದುವ ಆಪ್, ಎಲ್ಲದರಲ್ಲೂ ಈಗ ಆ ಬಟನ್ ಇದೆ. ದುಡ್ಡು ಕೊಟ್ಟು ಬೇರೆ ಆಪ್ ಯಾಕೆ ತಗೊಳ್ತಾರೆ?

ಮತ್ತೆ ‘ಬಿಡಿ’ ಅಂದಿರಲ್ಲ. ಬಿಟ್ಟರೆ ಯಾರಿಗೆ ಕಾಣುತ್ತೆ? ಅಂಗಡಿ ತೆರೆದ ಮಾತ್ರಕ್ಕೆ ರಸ್ತೆ ಬರಲ್ಲ. ಗಿರಾಕಿ ಎಲ್ಲಿ ಕೂತಿರುತ್ತಾರೆ, ಹತ್ತು ಜನರ ಫೋನ್ ನಂಬರ್ ಈಗಲೇ ಬರೆಯಬಲ್ಲಿರಾ? ಬರೆಯಕ್ಕಾಗಲ್ಲ ಅಂದರೆ ಐಡಿಯಾ ಚೆನ್ನಾಗಿದ್ದೂ ನಿಮಗಲ್ಲ.

ಸಿಬಿ ಇನ್‌ಸೈಟ್ಸ್ ಅನ್ನೋ ಸಂಶೋಧನಾ ಕಂಪನಿ 2014ರಲ್ಲಿ ಮುಚ್ಚಿಹೋದ 101 ಸ್ಟಾರ್ಟಪ್‌ಗಳು ತಾವೇ ಬರೆದುಕೊಂಡ ಕಾರಣ ಒಟ್ಟು ಮಾಡಿತ್ತು. 42% ‘ಮಾರುಕಟ್ಟೆಗೆ ಬೇಕಿರಲಿಲ್ಲ’ ಅಂದವು, 29% ದುಡ್ಡು ಮುಗೀತು ಅಂದವು. ತಮ್ಮ ಸೋಲಿನ ಬಗ್ಗೆ ತಾವೇ ಹೇಳಿದ್ದು, ಹಾಗಾಗಿ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ನನ್ನ ಅನುಭವದಲ್ಲಿ ದುಡ್ಡು ಮುಗೀತು ಅನ್ನೋದೂ ಬಹಳ ಸಲ ಮೊದಲನೆಯ ಕಾರಣದ್ದೇ ಇನ್ನೊಂದು ಹೆಸರು.

ಸುಮ್ನೆ_ಓದುಗ

ಎರಡನೆಯದನ್ನು ಯಾರೂ ಮುಟ್ಟಲಿಲ್ಲ, ಪಾಪ.

ಬಾಗಿಲು_ತಟ್ಟುವವಳು

ಮುಟ್ಟೋಣ. ಮನೆಕೆಲಸ ಹಂಚೋದು, ಗೆಳೆಯರೆಲ್ಲ ಸೇರಿ ಎಲ್ಲಿಗೆ ಹೋಗೋಣ ಅಂತ ತೀರ್ಮಾನಿಸೋದು, ಇಂಥವನ್ನು ಡಾಂಬರು ಗುಂಡಿ ಅಂತಾರೆ. ಮೇಲೆ ತಿಳಿ ನೀರು ಕಾಣುತ್ತೆ, ನೀರು ಕುಡಿಯೋಕೆ ಬಂದ ಪ್ರಾಣಿ ಅಲ್ಲೇ ಹೂತುಕೊಳ್ಳುತ್ತೆ. ಕಾಲೇಜು ಮುಗಿಸಿದವರಲ್ಲಿ ಎಷ್ಟೋ ಜನಕ್ಕೆ ಮೊದಲು ಹೊಳೆಯೋದೇ ಇದು. ಎಲ್ಲರೂ ಚೆನ್ನಾಗಿದೆ ಅಂತಾರೆ. ಆದರೆ ಪಾತ್ರೆ ತೊಳೆಯದ ಗೆಳೆಯ ಆಪ್‌ನಲ್ಲಿ ಟಿಕ್ ಕೂಡ ಹಾಕಲ್ಲ. ಅವನು ಇನ್‌ಸ್ಟಾಲ್ ಮಾಡದಿದ್ದರೆ ಮಿಕ್ಕ ಮೂವರಿಗೂ ಆಪ್ ದಂಡ. ಹೂತವರು ಯಾಕೆ ಹೂತರು ಅಂತ ಮೊದಲು ಹುಡುಕಿ. ನಿಮ್ಮ ಹತ್ತಿರ ಅದಕ್ಕೆ ಹೊಸ ಉತ್ತರ ಇದ್ದರೆ ಮಾತ್ರ ಇಳಿಯಿರಿ.

ಅರ್ಧಂಬರ್ಧ

ಎರಡನೆಯದನ್ನು ಕೈಬಿಟ್ಟೆ. ನಮ್ಮ ಮನೆಯಲ್ಲಿ ಆ ಪಾತ್ರೆ ತೊಳೆಯದವನು ನಾನೇ ಆಗಿದ್ದೆ. ಮೂರನೆಯದನ್ನು ನಿಜಕ್ಕೂ ನೋಡಬೇಕಾ? ಆ ಕೆಲಸದ ಗಂಧಗಾಳಿ ನನಗಿಲ್ಲ. ಮಾರುಕಟ್ಟೆಯೂ ಚಿಕ್ಕದು.

ಲೆಕ್ಕದ_ಪುಸ್ತಕ

ಚಿಕ್ಕದು ಅಂದರೆ ಯಾರಿಗೆ? ಸ್ಟಾರ್ಟಪ್‌ಗಳಿಗೆ ಬಂಡವಾಳ ಹಾಕುವ ವೆಂಚರ್ ಫಂಡಿನವರು ನೂರು ಕಡೆ ದುಡ್ಡು ಹಾಕಿದರೆ ಅದರಲ್ಲಿ ಒಂದೋ ಎರಡೋ ಇಡೀ ಫಂಡನ್ನು ವಾಪಸ್ ತರಬೇಕು. ಅವರಿಗೆ ಇದು ಚಿಕ್ಕದೇ. ನೀವು ನಿಮ್ಮ ಹಣದಲ್ಲಿ ಇಳಿಯುತ್ತಿದ್ದೀರಿ, ನಿಮಗೆ ಬೇರೆ ತಕ್ಕಡಿ. ಐಡಿಯಾ ಒಳ್ಳೆಯದಾ ಕೆಟ್ಟದಾ ಅಂತ ಕೇಳುವ ಮೊದಲು ಯಾರ ದುಡ್ಡಲ್ಲಿ ಅಂತ ಕೇಳಬೇಕು, ಇದನ್ನು ಬಹಳ ಜನ ಮರೀತಾರೆ.

ಲೆಕ್ಕ ಕೆಳಗಿಂದ ಹಾಕಿ. ‘ಇಷ್ಟು ಸಾವಿರ ಕೋಟಿಯ ಮಾರುಕಟ್ಟೆ, ಅದರಲ್ಲಿ 1% ಸಿಕ್ಕಿದರೂ ಸಾಕು’ ಅನ್ನೋ ಲೆಕ್ಕ ಬೇಡ, ಆ 1% ಯಾರಿಗೂ ಸುಮ್ನೆ ಸಿಕ್ಕಿದ್ದು ನಾನು ನೋಡಿಲ್ಲ. ನೀವು ತಲುಪಬಹುದಾದ ಬಾಡಿಗೆ ಅಂಗಡಿ 2,000 ಅಂದುಕೊಳ್ಳಿ. ಹತ್ತರಲ್ಲಿ ಒಬ್ಬರು ತಗೊಂಡರೆ 200. ನಿಮ್ಮ ತಿಂಗಳ ಸಂಸಾರದ ಖರ್ಚು, ಸರ್ವರ್ ಖರ್ಚು ಕೂಡಿ 200ರಿಂದ ಭಾಗಿಸಿ. ಬಂದ ಮೊತ್ತ ಒಂದು ಲೆನ್ಸಿನ ಒಂದು ದಿನದ ಬಾಡಿಗೆಗಿಂತ ಕಡಿಮೆ ಇದ್ದರೆ ಮಾಲೀಕ ಕೂತು ಯೋಚಿಸಲ್ಲ, ಕೊಡುತ್ತಾನೆ.

ಇನ್ನೊಂದು, ಬಿಟ್ಟು ಹೋಗುವವರು. ತಿಂಗಳಿಗೆ 5% ಅಂದರೆ ಕಿವಿಗೆ ಕಡಿಮೆ ಅನ್ನಿಸುತ್ತೆ. ಈಗಿನ 100 ಗಿರಾಕಿಯಲ್ಲಿ ವರ್ಷದ ಕೊನೆಗೆ 54 ಉಳಿಯುತ್ತಾರೆ. 2% ಆದರೆ 78. 5% ಬಿಡುತ್ತಿದ್ದರೆ ತಿಂಗಳಿಗೆ ಐದು, ಅಂದರೆ ವರ್ಷಕ್ಕೆ 60 ಜನರನ್ನು ಹೊಸದಾಗಿ ಹಿಡಿದರೆ ಇದ್ದಲ್ಲೇ ಇರ್ತೀರಿ. ದಿನಾ ಕೆಲಸಕ್ಕೆ ಬರುವ ವಸ್ತು ಆದರೆ ಜನ ಬಿಡಲ್ಲ. ಅಪರೂಪಕ್ಕೆ ನೆನಪಾಗುವ ಆಪ್‌ಗೆ ಈ ತೂತು ಮುಚ್ಚಕ್ಕೇ ಆಗಲ್ಲ.

ಬಾಗಿಲು_ತಟ್ಟುವವಳು

ಗಂಧಗಾಳಿ ಇಲ್ಲ ಅಂದರೆ ಹೋಗಿ ಕೂತುಕೊಳ್ಳಿ. ಐಡಿಯಾ ಹೇಳಬೇಡಿ, ಲ್ಯಾಪ್‌ಟಾಪ್ ತೆಗೀಬೇಡಿ. ಒಂದು ಬೆಳಿಗ್ಗೆ ಸುಮ್ನೆ ಮೂಲೆಯಲ್ಲಿ ಕೂತು ನೋಡಿ. ಬಾಯಿ ತೆರೆದರೆ ‘ಹೋದ ಸಲ ಹೀಗಾದಾಗ ಏನ್ಮಾಡಿದ್ರಿ’ ಅಂತ ಮಾತ್ರ ಕೇಳಿ.

ಅರ್ಧಂಬರ್ಧ (ಒಂಬತ್ತು ದಿನದ ನಂತರ)

ಹೋಗಿ ಬಂದೆ. ಉದ್ದ ಬರೆಯುತ್ತಿದ್ದೇನೆ, ಕ್ಷಮಿಸಿ.

ಗೆಳೆಯನ ಪರಿಚಯದ ಅಂಗಡಿ. ಬೆಳಿಗ್ಗೆ ಆರಕ್ಕೇ ಹೋದೆ, ಶೂಟಿಂಗ್‌ನವರು ಸಾಮಾನು ಒಯ್ಯೋದು ಆಗಲೇ. ಕೌಂಟರ್ ಮೇಲೆ ಉದ್ದನೆಯ ರಿಜಿಸ್ಟರ್, ಮೂಲೆಗಳೆಲ್ಲ ಸುರುಳಿ ಸುತ್ತಿವೆ. ಪೆನ್ಸಿಲಲ್ಲಿ ಬರೆದಿದ್ದರೆ ಬಾಯಿಮಾತಿನ ಬುಕಿಂಗ್, ಪೆನ್ನಲ್ಲಿ ಬರೆದಿದ್ದರೆ ಮುಂಗಡ ಬಂದಿದೆ ಅಂತ. ಸಿಸ್ಟಮ್ ಅಷ್ಟೇ. ಒಂದೇ ಲೆನ್ಸನ್ನು ಇಬ್ಬರಿಗೆ ಒಪ್ಪಿಕೊಂಡದ್ದು ಕೊನೆಗೆ ಯಾವಾಗ ಅಂತ ಕೇಳಿದೆ. ಮಾಲೀಕರು ಗಲ್ಲ ಕೆರೆದುಕೊಂಡು ‘ಹೋದ ವರ್ಷ ಒಂದ್ಸಲ’ ಅಂದರು. ಏನ್ಮಾಡಿದ್ರಿ? ‘ಇನ್ನೊಂದು ಅಂಗಡಿಯವರ ಹತ್ತಿರ ತಂದುಕೊಟ್ಟೆ. ಅವರಿಗೆ ಬೇಕಾದಾಗ ನಾನು ಕೊಡ್ತೀನಿ.’ ಅಲ್ಲಿಗೆ ನನ್ನ ಐಡಿಯಾ ಆರೂ ಹತ್ತಕ್ಕೆ ತೀರಿಕೊಂಡಿತು.

ವಾಪಸ್ ಹೊರಡೋಣ ಅಂದುಕೊಂಡೆ, ಅಕ್ಕ ಹೇಳಿದ್ದು ನೆನಪಾಗಿ ಕೂತೆ. ಒಂಬತ್ತೂವರೆಗೆ ಹಿಂದಿನ ದಿನದ ಸಾಮಾನು ವಾಪಸ್ ಬರೋಕೆ ಶುರು. ಅಂಗಡಿ ಹುಡುಗ ಒಂದು ಲೆನ್ಸನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿ ‘ಅಣ್ಣ, ಇಲ್ಲಿ ಗೀರು’ ಅಂದ. ತಂದವನು ‘ಅದು ಮೊದಲೇ ಇತ್ತು’ ಅಂದ. ಮಾಲೀಕರು ಜೇಬಿಂದ ಫೋನ್ ತೆಗೆದು ಗ್ಯಾಲರಿ ತೆರೆದರು. ಪ್ರತಿ ಸಾಮಾನು ಹೊರಗೆ ಹೋಗುವ ಮುಂಚೆ ಹುಡುಗ ಫೋಟೊ ತೆಗೀತಾನಂತೆ. 11,000 ಚಿಲ್ಲರೆ ಫೋಟೊ. ಹೆಸರಿಲ್ಲ, ನಂಬರಿಲ್ಲ, ಎಲ್ಲ ಕಪ್ಪು ಲೆನ್ಸುಗಳು. ಹೆಬ್ಬೆರಳಲ್ಲಿ ತಳ್ಳುತ್ತಾ ಇಪ್ಪತ್ತು ನಿಮಿಷ ಹುಡುಕಿದರು. ಹೊರಗೆ ವ್ಯಾನ್‌ನವನು ಹಾರ್ನ್ ಹೊಡೀತಾನೆ. ಕೊನೆಗೆ ಸಿಕ್ಕ ಫೋಟೊ ಅದೇ ಲೆನ್ಸಿನದಾ ಅಂತಲೇ ಜಗಳ. ‘ಆಯ್ತು ಬಿಡಪ್ಪ, ಅರ್ಧ ಕೊಡು’ ಅಂದರು.

ಆತ ಹೋದ ಮೇಲೆ ರಿಜಿಸ್ಟರಿನ ಕೊನೆ ಹಾಳೆ ತಿರುಗಿಸಿ ಕೆಂಪು ಶಾಯಿಯಲ್ಲಿ ಮೊತ್ತ ಬರೆದರು. ಮೇಲೆ ಅವರೇ ಹಾಕಿದ ತಲೆಬರಹ: ‘ಬಿಟ್ಟಿದ್ದು’. ಮೂರು ತಿಂಗಳಲ್ಲಿ ಏಳು ಸಾಲು.

ಬಾಗಿಲು_ತಟ್ಟುವವಳು

ತಮ್ಮಾ, ಆ ಕೆಂಪು ಹಾಳೆ ನಿನಗೆ ಸಿಕ್ಕ ಚಿನ್ನ. ತನ್ನ ನಷ್ಟವನ್ನು ತಾನೇ ಬರೆದಿಟ್ಟುಕೊಳ್ಳುವ ಗಿರಾಕಿ ನನಗೆ ಜೀವಮಾನದಲ್ಲಿ ಇಬ್ಬರು ಸಿಕ್ಕಿದ್ದಾರೆ.

ಹಳೇ_ಸರ್ವರ್

ಹುಡುಕಿಕೊಂಡು ಹೋದದ್ದು ಬುಕಿಂಗ್, ಸಿಕ್ಕಿದ್ದು ಗೀರು. ಆಫೀಸಿನವರು ಚಾಟ್ ಮಾಡುವ ಸ್ಲ್ಯಾಕ್ ಕೂಡ ಹೀಗೇ. ಗ್ಲಿಚ್ ಅನ್ನೋ ಆಟ ಕಟ್ಟುವಾಗ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳೋಕೆ ಮಾಡಿಕೊಂಡ ಸಾಧನ. ಆಟ 2012ರಲ್ಲಿ ಮುಚ್ಚಿತು, ಸಾಧನ ಉಳಿಯಿತು. ಆದರೆ ಒಂದು ಅಂಗಡಿ ನೋಡಿ ಕುಣೀಬೇಡಿ. ಕನಿಷ್ಠ ಇನ್ನು ಐದು ನೋಡಿ. ಎಲ್ಲ ಕಡೆ ಬೇರೆ ಬೇರೆ ದೂರು ಕೇಳಿಸಿದರೆ ಅದು ವ್ಯಾಪಾರ ಅಲ್ಲ, ಗೋಳು.

ರಾತ್ರಿಪಾಳಿ

ಈಗಲಾದರೂ ಕಟ್ಟಬಹುದಾ? :) ಕ್ಯೂಆರ್ ಸ್ಟಿಕರ್, ಫೋಟೊ, ಎಐ ಗೀರು ಕಂಡುಹಿಡಿಯುತ್ತೆ. ನಾನು ಎರಡು ದಿನದಲ್ಲಿ ಮಾಡಿಕೊಡ್ತೀನಿ.

ಲೆಕ್ಕದ_ಪುಸ್ತಕ

ತಡೀರಿ. ಎರಡು ವಾರ ಕೈಯಲ್ಲೇ ಮಾಡಿ. ಜ್ಯಾಪೋಸ್ ಅನ್ನೋ ಆನ್‌ಲೈನ್ ಶೂ ಅಂಗಡಿ ಕಟ್ಟಿದ ನಿಕ್ ಸ್ವಿನ್‌ಮರ್ನ್ 1999ರಲ್ಲಿ ಒಂದು ಜೊತೆ ಶೂ ಕೂಡ ದಾಸ್ತಾನು ಇಟ್ಟುಕೊಳ್ಳಲಿಲ್ಲ. ಅಂಗಡಿಗೆ ಹೋಗಿ ಶೂಗಳ ಫೋಟೊ ತೆಗೆದು ವೆಬ್‌ಸೈಟ್‌ಗೆ ಹಾಕಿದ. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಟ್ಟು ತಂದು ಕಳಿಸಿದ. ಲಾಭ ಬರಬೇಕಿರಲಿಲ್ಲ. ಜನ ಕಾಲಿಗೆ ಹಾಕಿ ನೋಡದೆ ಶೂ ಕೊಳ್ಳುತ್ತಾರಾ ಅಂತ ಗೊತ್ತಾಗಬೇಕಿತ್ತು, ಅಷ್ಟೇ. ನೀವೂ ಸ್ಟಿಕರ್ ಅಂಟಿಸಿ, ಫೋಟೊಗಳನ್ನು ನೀವೇ ಫೋಲ್ಡರ್‌ಗೆ ಹಾಕಿ, ಜಗಳ ಆದಾಗ ಫೋನ್ ಮಾಡಲಿ, ಒಂದು ನಿಮಿಷದಲ್ಲಿ ಫೋಟೊ ಕಳಿಸಿ. ಮತ್ತೆ ದುಡ್ಡು ಕೇಳಿ. ಮೊದಲ ದಿನವೇ. ಪುಕ್ಕಟೆ ಕೊಟ್ಟರೆ ಯಾರೂ ಬೇಡ ಅನ್ನಲ್ಲ, ನಿಮಗೆ ಏನೂ ಗೊತ್ತಾಗಲ್ಲ.

ಅರ್ಧಂಬರ್ಧ (ಐದು ವಾರದ ನಂತರ)

ಕೇಳಿದವರಿಗಾಗಿ ವರದಿ. ಆರು ಅಂಗಡಿ ನೋಡಿದೆ. ಗೀರಿನ ಜಗಳ ನಾಲ್ಕು ಕಡೆ ಇತ್ತು. ಒಂದರಲ್ಲಿ ಮಾಲೀಕರು ದೊಡ್ಡ ಮೊತ್ತದ ಡಿಪಾಸಿಟ್ ಇಟ್ಟುಕೊಳ್ಳುತ್ತಾರೆ, ಅವರಿಗೆ ನಾನು ಬೇಡ. ಇನ್ನೊಂದರಲ್ಲಿ ಲೈಟುಗಳೇ ಜಾಸ್ತಿ, ಗೀರಾದರೆ ಯಾರೂ ಕೇಳಲ್ಲ.

ಇಬ್ಬರು ಮುಂಗಡ ಕೊಟ್ಟರು, ಕೈಯಲ್ಲೇ ಶುರು ಮಾಡಿದೆ. ಎರಡನೇ ಅಂಗಡಿ ನಾಲ್ಕೇ ದಿನಕ್ಕೆ ನಿಲ್ಲಿಸಿತು. ಆರು ಗಂಟೆಗೆ ಎಂಟು ತಂಡ ಒಟ್ಟಿಗೆ ಬರುತ್ತವೆ, ಹುಡುಗನಿಗೆ ಸ್ಟಿಕರ್ ಸ್ಕ್ಯಾನ್ ಮಾಡಿ ನಾಲ್ಕು ಫೋಟೊ ತೆಗೆಯೋಕೆ ಪುರುಸೊತ್ತಿಲ್ಲ. ದುಡ್ಡು ವಾಪಸ್ ಕೊಟ್ಟೆ. ದುಡ್ಡು ಕೊಡೋದು ಮಾಲೀಕ, ಕೆಲಸ ಹೆಚ್ಚಾಗೋದು ಹುಡುಗನಿಗೆ. ಅಕ್ಕನ ಫಿಸಿಯೊ ಕಥೆಯನ್ನೇ ನಾನು ಬೇರೆ ವೇಷದಲ್ಲಿ ಆಡಿದ್ದೆ. ಮೊದಲ ಅಂಗಡಿಯಲ್ಲಿ ಫೋಟೊ ತೆಗೆಯೋ ಅಭ್ಯಾಸ ಮೊದಲೇ ಇತ್ತು, ಅಲ್ಲಿ ನಡೆಯಿತು. ಮೂರು ಜಗಳ ಬಂತು, ಮೂರೂ ಎರಡು ನಿಮಿಷದಲ್ಲಿ ಮುಗೀತು. ಒಂದರಲ್ಲಿ ತಪ್ಪು ಅಂಗಡಿಯದ್ದೇ ಅಂತ ಫೋಟೊ ತೋರಿಸಿತು, ಮಾಲೀಕರು ಪೆಚ್ಚಾಗಿ ನಕ್ಕರು. ಭಾನುವಾರ ನಾನು ಊಟಕ್ಕೆ ಕೂತಿದ್ದಾಗ ಫೋನ್ ಬಂತು: ‘ಫೋಟೊ ಕಳ್ಸಿ, ಬೇಗ. ಇಲ್ಲೇ ನಿಂತಿದ್ದಾರೆ.’

ಈಗ ಅರ್ಧ ಕೋಡ್ ಬರೆದ ಸಾರಾಂಶದ ಆಪ್ ತೆಗೆದು ಪಕ್ಕಕ್ಕಿಟ್ಟಿದ್ದೇನೆ. ಬೇಜಾರಾಯಿತು, ಸುಳ್ಳು ಹೇಳಲ್ಲ. ಆರು ಗಂಟೆಯ ಗಡಿಬಿಡಿಗೆ ಏನಾದರೂ ದಾರಿ ಕಂಡರೆ ಮುಂದುವರಿಸುತ್ತೇನೆ. ಸಾಮಾನು ಹೊರಗೆ ಹೋಗುವಾಗ ಬಿಟ್ಟು, ವಾಪಸ್ ಬಂದಾಗ ಮಾತ್ರ ಫೋಟೊ ತೆಗೆದರೆ ಸಾಕಾ ಅಂತ ಯೋಚಿಸುತ್ತಿದ್ದೇನೆ. ಹಿಂದಿನ ಸಲ ವಾಪಸ್ ಬಂದಾಗಿನ ಫೋಟೊವೇ ಈ ಸಲ ಹೊರಗೆ ಹೋಗುವಾಗಿನ ಫೋಟೊ ಆಗುತ್ತೆ. ಆಗ ಹುಡುಗನಿಗೆ ಅರ್ಧ ಕೆಲಸ, ಅದೂ ಗಡಿಬಿಡಿ ಇಲ್ಲದ ಹೊತ್ತಲ್ಲಿ.

ಒಂದು ಸಣ್ಣ ಪ್ರಶ್ನೆ, ಇಲ್ಲಿ ಫೋಟೊಗ್ರಾಫರ್ ಯಾರಾದರೂ ಇದ್ದೀರಾ? ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಗಾಜಿನ ಮೇಲಿನ ಸಣ್ಣ ಗೀರು ಫೋಟೊದಲ್ಲಿ ಕಾಣುತ್ತಲೇ ಇಲ್ಲ.

ಸುಮ್ನೆ_ಓದುಗ

ನಾನಿದ್ದೇನೆ. ಟ್ಯೂಬ್‌ಲೈಟ್ ಆಫ್ ಮಾಡಿ. ಹಿಂದೆ ಕಪ್ಪು ಬಟ್ಟೆ ಇಡಿ, ಸಣ್ಣ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗೀರು ಮಾತ್ರ ಬೆಳ್ಳಗೆ ಎದ್ದು ಕಾಣುತ್ತೆ. ಹುಡುಗನಿಗೆ ಟಾರ್ಚ್ ಹಿಡಿಯೋಕೆ ಕೈ ಸಾಲದಿದ್ದರೆ ಕೌಂಟರ್‌ಗೇ ಒಂದನ್ನು ಟೇಪ್ ಹಾಕಿ ಅಂಟಿಸಿಬಿಡಿ.